ತುಟಿಗೆ ಮುಲಾಮು ಕಾಸುತ್ತಿದ್ದ ಮಾಸ್ತರರು

ಗಂಡಸಿನ ತುಟಿಯ ಮೇಲೆ ಎಲೆ ಅಡಿಕೆಯ ಕೆಂಪು ಇರಬಹುದು, ಬೀಡಿಯ ಕಪ್ಪು ಇರಬಹುದು, ಬೇರೇನಾದರೂ ಕಂಡರೆ ಅವನ ತಲೆ ನೆಟ್ಟಗಿಲ್ಲ ಎಂದು ತೀರ್ಮಾನಿಸುವ ಊರದು. ಅಂಥ ಊರಿನಲ್ಲಿ, ಧೋತರ ಉಟ್ಟು ಕರಿ ಟೊಪಿಗೆ ಇಟ್ಟು ನಾಲ್ಕನೆಯ ಇಯತ್ತೆಗೆ ಪಾಠ ಹೇಳುವ ಹಿರಿಯ ಮಾಸ್ತರರೊಬ್ಬರು ಬಟ್ಟಲಲ್ಲಿ ಮೇಣ ಕರಗಿಸಿ, ಎಣ್ಣೆ ಬೆರೆಸಿ, ತುಟಿಗೆ ಹಚ್ಚುವ ಮುಲಾಮನ್ನು ಮನೆಯಲ್ಲೇ ಕಾಸುತ್ತಿದ್ದರು ಎಂದರೆ ಜನ ನಗದೆ ಬಿಟ್ಟಾರೆಯೇ? ಕಟ್ಟೆಯ ಮೇಲಿನ ಗಂಡಸರು ಅವರಿಗೆ ತುಟಿ ಮಾಸ್ತರ ಎಂದು ಹೆಸರಿಟ್ಟಿದ್ದರು. ಅವರ ಎದುರಿಗಲ್ಲ. ಎದುರಿಗೆ ಅನ್ನುವಷ್ಟು ಎದೆಗಾರಿಕೆ ಆ ಕಟ್ಟೆಗೆ ಇರಲಿಲ್ಲ. ಅಲ್ಲಿ ಕೂತವರಲ್ಲಿ ಅರ್ಧ ಜನ ಅವರಿಂದಲೇ ಕಿವಿ ಹಿಂಡಿಸಿಕೊಂಡು ಮಗ್ಗಿ ಕಲಿತವರು.

ಮೊನ್ನೆ ಅವರು ತೀರಿಹೋದ ಸುದ್ದಿ ಬಂತು. ತೊಂಬತ್ತು ದಾಟಿದ ಜೀವ, ನರಳಲಿಲ್ಲ, ಪುಣ್ಯವಂತ, ಅಳುವಂಥದ್ದೇನಲ್ಲ ಬಿಡ್ರಿ ಎಂದು ಸುದ್ದಿ ಹೇಳಿದವರೇ ಸಮಾಧಾನವನ್ನೂ ಹೇಳಿ ಫೋನ್ ಇಟ್ಟರು. ನನಗೆ ಸಿಟ್ಟು ಬಂತು. ಅಳಬೇಕೋ ಬಿಡಬೇಕೋ ನಾನು ನೋಡಿಕೊಳ್ಳುತ್ತೇನೆ, ನಿಮ್ಮನ್ನು ಕೇಳಿದವರು ಯಾರು? ಆ ಮಧ್ಯಾಹ್ನ ಯಾವ ಕೆಲಸವನ್ನೂ ಮಾಡದೆ ಕಿಟಕಿಯ ಬಳಿ ಕೂತೆ. ಹಾಗೆ ಕೂತಿರುವಾಗ, ಎಲ್ಲಿಂದಲೋ ಏನೋ, ಬಿಸಿ ಜೇನುಮೇಣದ ವಾಸನೆ ಬಂದ ಹಾಗಾಯಿತು. ನಮ್ಮ ಮನೆಯಲ್ಲಿ ಜೇನೂ ಇಲ್ಲ, ಮೇಣವೂ ಇಲ್ಲ.

ಅವು ಎಂಬತ್ತರ ದಶಕದ ನಡುವಿನ ವರ್ಷಗಳು. ತಿರ್ಲಾಪುರದ ಆಚೆ, ನವಲಗುಂದ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ನನ್ನ ಮೊದಲ ನೇಮಕ. ನಾನು ಕುಂದಗೋಳದವಳು, ಮದುವೆಯಾಗಿರಲಿಲ್ಲ, ಬಾಯಿ ಜೋರು. ಮಾಸ್ತರರ ಮನೆಗೆ ಅಂಟಿಕೊಂಡೇ ಇದ್ದ ಒಂದು ಖೋಲಿ ನನಗೆ ಸಿಕ್ಕಿತು. ಇಬ್ಬರಿಗೂ ಒಂದೇ ಅಂಗಳ, ಅಂಗಳದಲ್ಲಿ ಒಂದೇ ಬೇವಿನ ಗಿಡ. ಅದರ ಇನ್ನೊಂದು ಮಗ್ಗುಲಿಗೆ ಇಮಾಂಬಿಯ ಮನೆ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನ ಅವರದು. ವಯಸ್ಸಾದ ಹೆಂಗಸು, ಮಗ ಸೊಸೆ ಮೊಮ್ಮಕ್ಕಳ ನಡುವೆ ದೊರೆಸಾನಿಯ ಹಾಗೆ ಇದ್ದಳು. ಓಣಿಯ ಯಾವ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಆ ಮನೆಯವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು.

ಕರಿಮಣ್ಣಿನ ಎರೆ ಸೀಮೆಯ ಚಳಿಗಾಲವನ್ನು ಉಂಡವರೇ ಬಲ್ಲರು. ಗುಡ್ಡವಿಲ್ಲ, ಕಾಡಿಲ್ಲ, ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ದೀಪಾವಳಿ ದಾಟಿತೆಂದರೆ ಮೂಡುಗಾಳಿ ಏಳುತ್ತದೆ. ಬೆಳಗಿನ ಹೊತ್ತು ಬಿಳಿಜೋಳದ ಮೇಲೆ ಮಂಜು ಮಲಗಿರುತ್ತದೆ, ಆಚೆ ಹೊಲದಲ್ಲಿ ಹತ್ತಿ ಒಡೆದು ನಿಂತಿರುತ್ತದೆ, ಎಲ್ಲಿ ಹತ್ತಿ ಮುಗಿದು ಎಲ್ಲಿ ಮಂಜು ಶುರುವಾಯಿತೆಂದು ಗೊತ್ತಾಗದೆ ಇಡೀ ಊರು ಅರೆನಿದ್ದೆಯಲ್ಲಿ ತೇಲುತ್ತಿರುತ್ತದೆ. ಬಿಸಿಲೇರಿದ ಮೇಲೆ ಅದೇ ಗಾಳಿ ಒಣಗಿ ಕೈ, ಕಾಲು, ಗಲ್ಲ ಎಲ್ಲವೂ ಬಿರಿಯುವಂತೆ ಮಾಡುತ್ತದೆ. ಎಲ್ಲಕ್ಕಿಂತ ಮೊದಲು ಒಡೆಯುವುದು ತುಟಿ. ನಕ್ಕರೆ ರಕ್ತ. ನನ್ನ ತರಗತಿಯ ಮಕ್ಕಳು ಚಳಿ ಹೋಗುವ ತನಕ ಬಾಯಿ ತೆರೆಯದೆ ನಗುವುದನ್ನು ಕಲಿತುಬಿಟ್ಟಿದ್ದರು.

ಮಾಸ್ತರರು ಎತ್ತರದ ಆಳು. ಕಿವಿಯ ಮೇಲೆ ಸದಾ ಒಂದು ತುಂಡು ಖಡು, ಬೋರ್ಡಿನ ಮೇಲೆ ಬರೆಯಲಿಕ್ಕೆ. ಜೇಬಿನಲ್ಲಿ ತಪಕೀರಿನ ಡಬ್ಬಿ. ಯಾವ ಮಾತಿಗೂ ತಟ್ಟನೆ ಹೌದು ಎಂದವರಲ್ಲ, ಇಲ್ಲ ಎಂದವರೂ ಅಲ್ಲ. ‘ನೋಡೂಣು’ ಎಂದು ಒಂದು ಚಿಟಿಕೆ ತಪಕೀರು ಮೂಗಿಗೆ ಏರಿಸುವರು. ಶಾಲೆಯ ಹೆಂಚು ಹಾರಿದಾಗಲೂ ನೋಡೂಣು, ಬಸ್ಸು ಬಾರದಿದ್ದಾಗಲೂ ನೋಡೂಣು. ಥಂಡಿಗೆ ಮಕ್ಕಳು ಗೊಣಗಿದರೆ, ಗಾಳಿಗೆ ಯಾಕೆ ಬೈತೀರಿ, ಎದ್ದು ಕದ ಹಾಕಿಕೊಳ್ಳಿ ಎನ್ನುವರು. ಮನೆಯಲ್ಲಿ ಅವರ ಮಾತು ಇನ್ನೂ ಕಡಿಮೆ. ಆ ಮನೆಯ ಮಾತನ್ನೆಲ್ಲ ಹೆಂಡತಿಯೇ ಗುತ್ತಿಗೆ ಹಿಡಿದಿದ್ದರು.

ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಅಣ್ಣಿಗೇರಿ ಕಡೆಯ ಒಕ್ಕಲುತನದ ಮನೆಯಿಂದ ಬಂದವರು. ಮುಖ ತೊಳೆಯುವ ಮೊದಲೇ ಮಾತು ಶುರು. ಎಮ್ಮೆಯ ಜೊತೆ ಮಾತು, ಒಲೆಯ ಜೊತೆ ಮಾತು, ಕಸಬರಿಗೆಯ ಜೊತೆಯೂ ಮಾತು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿ ಇಲ್ಲವಲ್ಲ, ಆದ್ದರಿಂದ ಅವರನ್ನು ಕರೆಯುವುದು ‘ಏನ್ರೀ’ ಎಂದು. ಆ ಒಂದು ಏನ್ರೀಯಲ್ಲಿ ಎಷ್ಟೊಂದು ಬಗೆ! ನೀರು ಕಾದಿದೆ ಎನ್ನುವುದಕ್ಕೆ ಒಂದು, ಜೋಳ ಮುಗಿದಿದೆ ಎನ್ನುವುದಕ್ಕೆ ಒಂದು, ಬಂದವರ ಮುಂದೆ ಅದನ್ನೆಲ್ಲ ಆಡಬೇಡಿ ಎನ್ನುವುದಕ್ಕೆ ಮತ್ತೊಂದು. ಗೋಡೆಯ ಈಚೆ ಕೂತ ನನಗೇ ಯಾವುದು ಯಾವುದೆಂದು ತಿಳಿಯುತ್ತಿತ್ತು. ಮಾಸ್ತರರು ಎಲ್ಲದಕ್ಕೂ ಒಂದೇ ಹೂಂ ಎನ್ನುತ್ತಿದ್ದರು.

ನಾನು ಹೋದ ಮರುವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಕಾಕುವಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡು ಜೀವ ಉಳಿಸಿ ಕಳಿಸಿದರು. ಬಲಗೈ ಬಲಗಾಲು ಎತ್ತಲಾಗದು, ಬಾಯಿ ಒಂದು ಕಡೆಗೆ ವಾರೆ, ಮಾತು ಪೂರ್ತಿ ನಿಂತುಹೋಗಿತ್ತು. ಎಚ್ಚರವಿದೆ, ಜನರ ಗುರುತಿದೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ಮಾತ್ರ ಬರದು. ಮಾತು ಮರಳಬಹುದು, ಮರಳದೆಯೂ ಇರಬಹುದು, ಮಾತಾಡಿಸುತ್ತಾ ಇರಿ, ಬಾಯಿ ಒಣಗಲು ಬಿಡಬೇಡಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅಡುಗೆಯನ್ನು ನಾನು ನೋಡಿಕೊಂಡೆ, ಮೈ ತೊಳೆಯುವುದು ತಲೆ ಬಾಚುವುದನ್ನು ನಾನೂ ಇಮಾಂಬಿಯೂ ಹಂಚಿಕೊಂಡೆವು, ಉಳಿದದ್ದೆಲ್ಲ ಮಾಸ್ತರರದು.

ಒಂದು ಸಂಜೆ ಬೇವಿನ ಕೆಳಗೆ ನಿಂತು, ತಪಕೀರಿನ ಡಬ್ಬಿಯನ್ನು ತೆರೆಯದೆ ಕೈಯಲ್ಲೇ ತಿರುವುತ್ತಾ ಅವರು ನನಗೆ ಹೇಳಿದರು:

“ಅಕ್ಕಾರ, ಊರ ತುಂಬ ಜನಾ ನನಗ ಮಾಸ್ತರ ಮಾಸ್ತರ ಅಂತಾರ್ರಿ. ‘ಏನ್ರೀ’ ಅನ್ನಾಕಿ ಒಬ್ಬಾಕೀನ ಇದ್ಲು. ಆ ಒಂದ ಮಾತ ತಿರುಗಿ ಬಂದ್ರ ಸಾಕ್ರಿ. ಮತ್ತೇನೂ ಬ್ಯಾಡ ನನಗ.”

ಬಂದೇ ಬರುತ್ತದೆ ಸರ ಎಂದೆ, ಎಲ್ಲ ಗೊತ್ತಿದ್ದವಳ ಹಾಗೆ.

ಮೊದಲು ಅವರು ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಶಾಲೆಯಿಂದ ಬಂದು, ಕೈಕಾಲು ತೊಳೆದು, ಕಾಕು ಮಲಗಿದ್ದ ಹೊರಸಿನ ಪಕ್ಕ ಕೂತು, ಪಾಟಿಯ ಮೇಲೆ ಅ ಬರೆದು ತೋರಿಸಿ ‘ಅನ್ನು’ ಎನ್ನುವರು. ಕಾಕು ಪಾಟಿಯನ್ನು ನೋಡುವರು, ಗಂಡನನ್ನು ನೋಡುವರು, ಮುಖವನ್ನು ಗೋಡೆಗೆ ತಿರುಗಿಸುವರು. ಇವರು ಬಿಡಲಿಲ್ಲ. ಆ ಆಯಿತು, ಇ ಆಯಿತು, ಈ ಆಯಿತು. ನನಗೆ ತಡೆಯಲಾಗಲಿಲ್ಲ. ಹೋಗಿ, ಸರ, ಆಕೆ ನಿಮ್ಮ ಶಾಲೆಯ ಹುಡುಗಿಯಲ್ಲ, ನಿಮ್ಮ ಹೆಂಡತಿ, ಮೊದಲು ಆ ಪಾಟಿ ಒಳಗಿಡಿ ಎಂದೆ. ಅವರು ಸಿಟ್ಟಾಗಲಿಲ್ಲ. ನನಗೆ ಬೇರೆ ಥರ ಕಲಿಸಲು ಬರುವುದಿಲ್ಲವಲ್ಲ ಎಂದು ಪಾಟಿಯನ್ನು ಧೋತರದ ಚುಂಗಿನಿಂದ ಒರೆಸಿದರು.

ಮೂಡುಗಾಳಿ ಎದ್ದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಕಾಕುವಿನ ಬಾಯಿ ವಾರೆಯಾದ ಕಡೆಗೆ ಸ್ವಲ್ಪ ತೆರೆದೇ ಇರುತ್ತಿತ್ತು. ಜೊಲ್ಲು ಇಳಿದು, ಗಾಳಿಗೆ ಒಣಗಿ, ತುಟಿ ಸೀಳತೊಡಗಿತು. ಗಂಜಿ ಕುಡಿಸಿದರೆ ಉರಿಗೆ ಕಣ್ಣಲ್ಲಿ ನೀರು. ಬಾಯಿಯನ್ನು ಅಲುಗಿಸಲು ಕೂಡ ಅವರು ಒಲ್ಲದಾದರು. ಮಾಸ್ತರರ ಲೆಕ್ಕ ನೇರವಾಗಿತ್ತು. ತುಟಿ ಮಾಯದೆ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದೆ ಮಾತು ಬರುವುದಿಲ್ಲ, ಆದ್ದರಿಂದ ಮೊದಲು ತುಟಿ. ನೋಡೂಣು ಎನ್ನದೆ ಅವರು ಕೈ ಹಾಕಿದ ಕೆಲಸವೆಂದರೆ ನಾನು ಕಂಡಂತೆ ಇದೊಂದೇ.

ಮೊದಲು ಬೆಣ್ಣೆ ಹಚ್ಚಿದರು. ಬೆಳಗಾಗುವಷ್ಟರಲ್ಲಿ ದಿಂಬಿನ ಮೇಲೆ ಇರುವೆಯ ಸಾಲು. ಪಾಪ, ಕೂಗಲೂ ಬಾರದ ಜೀವ ಕಣ್ಣು ಪಿಳಿಪಿಳಿ ಮಾಡುತ್ತಾ ಬಿದ್ದುಕೊಂಡಿತ್ತು. ಅಂಗಡಿಯ ಮುಲಾಮು ತಂದರು. ಅದರಲ್ಲಿ ಚಿಮಣಿ ಎಣ್ಣೆಯ ವಾಸನೆ ಬಂತೋ ಏನೋ, ಕಾಕು ಎಡಗೈಯಿಂದ ಒರೆಸಿ ಅದನ್ನು ಗಂಡನ ಅಂಗಿಗೇ ಹಚ್ಚಿಬಿಟ್ಟರು. ಹೊಕ್ಕುಳಿಗೆ ಎಣ್ಣೆ ಹಚ್ಚಿದರೆ ತುಟಿ ಒಡೆಯುವುದಿಲ್ಲ ಎಂದು ಇಮಾಂಬಿ ಹೇಳಿದಳು. ಹೊಕ್ಕುಳೆಲ್ಲಿ ತುಟಿ ಎಲ್ಲಿ ಎಂದು ಮಾಸ್ತರರು ವಾದಿಸಿದರು, ಆದರೆ ಹಚ್ಚುವುದನ್ನು ಬಿಡಲಿಲ್ಲ. ಹೆಂಡತಿಗಷ್ಟೇ ಅಲ್ಲ, ತಮಗೂ ಹಚ್ಚಿಕೊಂಡಿದ್ದರು. ಅಂಗಿಯ ಮೇಲೆ ಸರಿಯಾಗಿ ಆ ಜಾಗದಲ್ಲೇ ಎಣ್ಣೆಯ ಕಲೆ ಮೂಡಿದ್ದರಿಂದ ಇಡೀ ಶಾಲೆಗೆ ಗೊತ್ತಾಯಿತು.

ಮೇಣ ಹಾಕಿ ಕಾಸಿದ ಎಣ್ಣೆ ಒಳ್ಳೆಯದೆಂದು ಯಾರೋ ಹೇಳಿದರು. ಮೇಣವೆಂದರೆ ಮೇಣ ಎಂದುಕೊಂಡ ನಮ್ಮ ಮಾಸ್ತರರು ಕಿರಾಣಿ ಅಂಗಡಿಯಿಂದ ಮೇಣಬತ್ತಿ ತಂದು ಕರಗಿಸಿದರು. ಅದು ಕಾಕುವಿನ ತುಟಿಯ ಮೇಲೆ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂತು, ಒಣಗಿ, ಚಕ್ಕೆ ಚಕ್ಕೆಯಾಗಿ ಉದುರಿತು. ಇಮಾಂಬಿ ನೋಡಿ, ಹೆಂಡತಿಯ ಬಾಯಿಗೆ ದೀಪ ಹಚ್ಚಲು ಹೊರಟಿದ್ದೀರೇನು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಾನೇ ಬಿಸಿನೀರಲ್ಲಿ ಬಟ್ಟೆ ಅದ್ದಿ, ಮೆಲ್ಲಗೆ ಒತ್ತಿ ಒತ್ತಿ ಅದನ್ನೆಲ್ಲ ತೆಗೆದಳು.

ಜೇನುಮೇಣವೇ ಬೇಕೆಂದು ಗೊತ್ತಾದ ಮೇಲೆ ಮಾಸ್ತರರಿಗೆ ಕಲಘಟಗಿ ನೆನಪಾಯಿತು. ಚಿಕ್ಕ ವಯಸ್ಸಿನಲ್ಲಿ ಅಲ್ಲಿ ಕೆಲಸ ಮಾಡಿದ್ದರು, ಕಾಡಿಗೆ ಹೋಗಿ ಜೇನು ಇಳಿಸುವವರ ಪರಿಚಯವಿತ್ತು. ಒಂದು ರವಿವಾರ ನಸುಕಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅರಿವೆಯ ಗಂಟೊಂದನ್ನು ಎದೆಗೆ ಅವಚಿಕೊಂಡು ಇಳಿದರು. ಬಿಚ್ಚಿದರೆ ಸಗಣಿಯ ಉಂಡೆಯಂಥ ಕಂದು ಮೇಣ, ಅದರೊಳಗೆ ಸತ್ತ ಹುಳುವಿನ ರೆಕ್ಕೆ. ಇದಕ್ಕಾಗಿ ಇಷ್ಟು ದೂರವೇ ಎಂದು ನಾನು ಮೂಗು ಮುರಿದೆ. ಅವರು ಗಂಟನ್ನು ಕಾಕುವಿನ ಮೂಗಿನ ಹತ್ತಿರ ಹಿಡಿದರು. ಕಾಕು ಕಣ್ಣು ಮುಚ್ಚಿ ಬಹಳ ಹೊತ್ತು ಆ ವಾಸನೆಯನ್ನು ಎಳೆದುಕೊಂಡರು.

ಅವರ ಮನೆಯ ಕಟ್ಟಿಗೆ ಒಲೆಯ ಉರಿ ಹೇಳಿದ ಮಾತು ಕೇಳುತ್ತಿರಲಿಲ್ಲ, ನನ್ನ ಬತ್ತಿಯ ಸ್ಟೋವು ಕೇಳುತ್ತಿತ್ತು. ಆದ್ದರಿಂದ ಮುಲಾಮು ಕಾಸುವುದು ನನ್ನ ಖೋಲಿಯಲ್ಲಿ. ಬೋಗುಣಿಯಲ್ಲಿ ನೀರಿಟ್ಟು, ನೀರೊಳಗೆ ಸ್ಟೀಲ್ ಬಟ್ಟಲು ಕೂರಿಸಿ, ಬಟ್ಟಲಿಗೆ ಮೇಣ ಹಾಕುವುದು. ಮೇಲಿನ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ನೇರವಾಗಿ ಬಟ್ಟಲಿಗೆ ಬೀಳುತ್ತಿತ್ತು. ಮೇಣ ಮೊದಲು ಅಂಚಿನಲ್ಲಿ ಬೆವರುತ್ತಿತ್ತು, ಆಮೇಲೆ ಕುಸಿಯುತ್ತಿತ್ತು, ಆಮೇಲೆ ಅಷ್ಟು ಹೊತ್ತು ಕಂದಾಗಿದ್ದದ್ದು ಇದ್ದಕ್ಕಿದ್ದಂತೆ ಬಂಗಾರದ ಬಣ್ಣದ ನೀರಾಗುತ್ತಿತ್ತು. ನಮ್ಮ ಬೋಳು ಎರೆಯ ನಡುವೆ, ನಾನು ಎಂದೂ ನೋಡಿರದ ಕಾಡಿನ ಯಾವ ಯಾವುದೋ ಹೂವಿನ ವಾಸನೆ ಖೋಲಿಯ ತುಂಬ ಏಳುತ್ತಿತ್ತು. ನಾನು ಅಲ್ಲಿ ಇದ್ದೇನೆಯೇ, ಎಲ್ಲಾದರೂ ಮಲಗಿ ಕನಸು ಕಾಣುತ್ತಿದ್ದೇನೆಯೇ ಎಂದು ಎಷ್ಟೋ ಸಲ ಅನ್ನಿಸಿದೆ.

ಮೊದಲ ಸಲ ಅದನ್ನು ಸೋಸಲು ಬಟ್ಟೆ ಸಿಗದೆ ಅವರು ತಮ್ಮ ಧೋತರದ ಚುಂಗನ್ನೇ ಒಡ್ಡಿದರು. ಆ ಚುಂಗು ಮುಂದೆ ಎಷ್ಟು ಒಗೆದರೂ ಮೆತ್ತಗಾಗಲಿಲ್ಲ. ತಗಡಿನ ಹಾಗೆ ಸೆಟೆದುಕೊಂಡು, ಅವರು ನಡೆದಾಗ ಮೊಳಕಾಲಿಗೆ ಬಡಿದು ಸದ್ದು ಮಾಡುತ್ತಿತ್ತು. ಮಾಸ್ತರರು ಬರುತ್ತಿದ್ದಾರೆಂದು ಮಕ್ಕಳಿಗೆ ದೂರದಿಂದಲೇ ತಿಳಿಯುತ್ತಿತ್ತು. ಸೋಸಿದ ಮೇಣ ಒಂದು ಪಾಲಾದರೆ ಎಣ್ಣೆ ನಾಲ್ಕು ಪಾಲು. ಎಣ್ಣೆ ಆಗತಾನೆ ಗಾಣದಿಂದ ತಂದ ಕುಸುಬಿಯದು, ಅದಕ್ಕೊಂದು ಚೂರು ತುಪ್ಪ. ಚಮಚದಿಂದ ಒಂದು ಹನಿಯನ್ನು ತಣ್ಣನೆಯ ತಾಟಿನ ಮೇಲೆ ಬಿಟ್ಟು, ಉಗುರಿನಿಂದ ಒತ್ತಿ ನೋಡುವರು. ಗಟ್ಟಿ ಎನಿಸಿದರೆ ಎಣ್ಣೆ, ಮೆತ್ತಗೆನಿಸಿದರೆ ಮೇಣ. ಕೈ ತೊಳೆದುಕೊಂಡು, ಬೆರಳನ್ನು ಅಂಗೈಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ವಾರೆಯಾದ ಕಡೆಯಿಂದ ಶುರುಮಾಡಿ ಕಾಕುವಿನ ತುಟಿಗೆ ಹಚ್ಚುವರು. ಹುಡುಗರ ಕಿವಿ ಹಿಂಡಿದ ಬೆರಳು ಅವೇ ಎಂದರೆ ನಂಬಲಾಗುತ್ತಿರಲಿಲ್ಲ. ಕಾಕು ಅದನ್ನು ಒರೆಸಲಿಲ್ಲ. ತವರಿನ ಅಡುಗೆಮನೆಯ ಎಣ್ಣೆಯ ರುಚಿಯೇನೋ, ನಾಲಿಗೆ ಸ್ವಲ್ಪ ಹೊರಗೆ ತಂದು ನೆಕ್ಕಿದರು.

ಬೆಳಕು ಸಾಲದೆಂದು ಅವರು ಹೊರಸನ್ನು ಬಾಗಿಲಿನ ಹತ್ತಿರ ಎಳೆದು, ಕದ ತೆರೆದೇ ಹಚ್ಚುತ್ತಿದ್ದರು. ಹಾದುಹೋಗುವವರೆಲ್ಲ ನೋಡಿದರು. ಹೆಂಡತಿಯ ತುಟಿ ಮುಟ್ಟುವುದನ್ನು ಹಾಡಹಗಲೇ ಮಂದಿಗೆ ತೋರಿಸುವುದೇ ಎಂದು ಕಟ್ಟೆಯ ಮೇಲೆ ಮಾತಾಯಿತು. ಯಾರೋ ಹಿರಿಯರು ಬುದ್ಧಿ ಹೇಳಲೆಂದೇ ಬಂದರು. ಮಾಸ್ತರರು ಕೆಲಸ ನಿಲ್ಲಿಸದೆ, “ಮೂವತ್ತ ವರ್ಷ ಆಕಿ ನನ್ನ ಹೊಟ್ಟಿ ನೋಡ್ಯಾಳ್ರಿ. ನಾ ಆಕಿ ತುಟಿ ನೋಡಬಾರದೇನು?” ಎಂದರು. ಹಿರಿಯರು ಚಹಾ ಕುಡಿಯದೆ ಎದ್ದುಹೋದರು.

ಮುಲಾಮು ಇಡಲು ಮುಚ್ಚಳವಿದ್ದ ಸಣ್ಣ ಡಬ್ಬಿ ಬೇಕಾಯಿತು. ಮಾಸ್ತರರು ತಮ್ಮ ತಪಕೀರಿನ ಡಬ್ಬಿಯನ್ನೇ ಖಾಲಿ ಮಾಡಿ, ಒರೆಸಿ, ಅದಕ್ಕೆ ಹೊಯ್ದರು. ಒರೆಸಿದರೆ ಸಾಲದು, ತೊಳೆಯಬೇಕು ಎಂಬುದು ಗಂಡಸರಿಗೆ ಯಾವ ಕಾಲಕ್ಕೂ ತಿಳಿಯುವುದಿಲ್ಲ. ಮರುದಿನ ಮುಂಜಾನೆ ನಾನು ರೊಟ್ಟಿ ತಟ್ಟುತ್ತಿದ್ದೆ. ಮಾಸ್ತರರು ಬರಿಗಾಲಲ್ಲಿ, ಟೊಪಿಗೆಯೂ ಇಲ್ಲದೆ, ಓಡುತ್ತಾ ಬಂದು ನನ್ನ ಬಾಗಿಲಲ್ಲಿ ನಿಂತು, “ಅಕ್ಕಾರ, ಸೀನಿದ್ಲು!” ಎಂದರು. ಹೋಗಿ ನೋಡಿದರೆ ಕಾಕು ಸೀನುತ್ತಲೇ ಇದ್ದರು. ಮೂಗು ಕೆಂಪು, ಕಣ್ಣಲ್ಲಿ ನೀರು. ಗಂಟಲಿನಿಂದ ದನಿ ಹೊರಟಿತಲ್ಲ, ಮಾತೂ ಹೊರಡುತ್ತದೆ ಎಂದು ಇವರು ಹಿಗ್ಗುತ್ತಿದ್ದರು. ನಾನು ಡಬ್ಬಿಯನ್ನು ಮೂಸಿ ನೋಡಿ ಅವರಿಗೆ ಸರಿಯಾಗಿ ಬೈದೆ. ಬೈಸಿಕೊಳ್ಳುತ್ತಲೇ ಅವರು ನಗುತ್ತಿದ್ದರು. ಆ ದಿನದಿಂದ ಡಬ್ಬಿ ಮುಲಾಮಿನದಾಯಿತು, ಅವರು ತಪಕೀರು ಬಿಟ್ಟರು.

ಉಳಿದ ಮುಲಾಮು ಶಾಲೆಗೆ ಬಂತು. ಪ್ರಾರ್ಥನೆಗೆ ಮುಂಚೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರ ಮುಂಗೈ ಮೇಲೆ ಬೇವಿನ ಕಡ್ಡಿಯಿಂದ ಒಂದು ಚುಕ್ಕೆ ಇಡುವರು. ಮಕ್ಕಳು ಅದನ್ನು ಹಚ್ಚಿಕೊಂಡು ಮಿರಿಮಿರಿ ಮಿಂಚುವ ತುಟಿಯಲ್ಲಿ ನಿಲ್ಲುವರು. ‘ಈಗ ನಗ್ರಿ ನೋಡೂಣು’ ಎನ್ನುವರು ಮಾಸ್ತರರು. ಆ ಚಳಿಗಾಲ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗುತ್ತಿದ್ದದ್ದು ನಗುವಿನಿಂದ.

ಕಾಕುವಿನ ತುಟಿ ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಮಾಯಿತು. ಗೆರೆ ಕೂಡ ಉಳಿಯಲಿಲ್ಲ. ಮಾತು ಮಾತ್ರ ಬರಲಿಲ್ಲ. ಮಾಸ್ತರರು ಹಚ್ಚುವರು, ಕಾಯುವರು. ನೀರು ಬೇಕೇ ಎಂದು ಕೇಳುವರು, ಕಾಯುವರು. ಕಾಕು ಅವರನ್ನೇ ನೋಡುವರು, ಏನೋ ಹುಡುಕುವವರ ಹಾಗೆ ತುಟಿ ಅಲುಗಿಸುವರು, ಸೋತು ಕಣ್ಣು ಮುಚ್ಚುವರು. ತುಟಿ ಮೊದಲು ಎಂದಿದ್ದೆ, ತುಟಿ ಆಯಿತು, ಇನ್ನೇನು ಮಾಡಲಿ ಎಂದು ಅವರು ಒಂದು ದಿನ ನನ್ನನ್ನು ಕೇಳಿದರು. ಗಾಳಿ ಇನ್ನೂ ನಿಂತಿರಲಿಲ್ಲವಾದ್ದರಿಂದ ಮುಲಾಮು ಕಾಸುವುದನ್ನು ಮುಂದುವರಿಸಿದರು.

ಅಷ್ಟರಲ್ಲಿ ಇಮಾಂಬಿಯ ಮೊಮ್ಮಗನ ಲಗ್ನ ಬಂತು. ನಮ್ಮ ಕಡೆ ಹೊಸ ಜೋಡಿ ಮನೆ ಹೊಗುವಾಗ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರು, ಹೆಂಡತಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಬರಿ ಹೆಸರು ಹೇಳಿದರೆ ನಡೆಯದು. ಎರಡು ಸಾಲು ಕಟ್ಟಿ, ಪ್ರಾಸ ಕೂಡಿಸಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಜನ್ಮದಲ್ಲಿ ಗಂಡನ ಹೆಸರನ್ನು ತುಟಿಯ ಮೇಲೆ ತರದ ಹೆಂಗಸರೂ ಒಡಪಿನಲ್ಲಿ ಅದನ್ನು ಸಲೀಸಾಗಿ ಹೇಳುತ್ತಾರೆ. ಆ ಮಧ್ಯಾಹ್ನ ಇಮಾಂಬಿಯ ಬಾಗಿಲಲ್ಲಿ ಜಾತಿ ಗೀತಿ ಇಲ್ಲದೆ ಇಡೀ ಓಣಿಯ ಹೆಂಗಸರು ಸೇರಿದ್ದರು. ಹೊಸ ಹುಡುಗಿ ನಾಚಿ ನಾಚಿ ಹೇಳಿದಳು, ಹುಡುಗ ತೊದಲಿದ, ಅಂಗಳವೆಲ್ಲ ನಗು. ಅದೆಲ್ಲ ಹೊರಸಿನ ಮೇಲಿದ್ದ ಕಾಕುವಿಗೆ ಕೇಳುತ್ತಿತ್ತು.

ಅದೇ ಹೊತ್ತಿಗೆ ಮಾಸ್ತರರು ನನ್ನ ಖೋಲಿಯಿಂದ ಬಿಸಿ ಬಟ್ಟಲನ್ನು ಅರಿವೆಯಲ್ಲಿ ಹಿಡಿದುಕೊಂಡು ತಮ್ಮ ಮನೆಗೆ ಹೊರಟರು. ಇಮಾಂಬಿ ಹೊಸ ಸೀರೆಯಲ್ಲಿದ್ದಳು, ಬಾಯಿ ತುಂಬ ಎಲೆ ಅಡಿಕೆ, ಖುಷಿ ತಲೆಗೇರಿತ್ತು. ಅವಳಿಗೆ ಏನು ಹೊಳೆಯಿತೋ, ಓಡಿಹೋಗಿ ಮಾಸ್ತರರ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು.

“ಹೆಸರ ಹೇಳ್ರಿ ಮಾಸ್ತರ. ಹೇಳಿ ಒಳಗ ಹೋಗ್ರಿ.”

“ಬಿಡಬೇ ಇಮಾಂಬಿ, ಕೈ ಸುಡಾಕತ್ತೈತಿ.”

“ಸುಡಲಿ. ಹೆಸರ ಇಲ್ದ ಬಾಗಲಾ ಇಲ್ಲ.”

ಹೆಂಗಸರೆಲ್ಲ ಈ ಬಾಗಿಲಿಗೆ ಬಂದು ಮುತ್ತಿದರು. ಊರಿಗೆಲ್ಲ ಕಿವಿ ಹಿಂಡಿದ ಮನುಷ್ಯ ಕುತ್ತಿಗೆಯ ತನಕ ಕೆಂಪಗಾಗಿ ನಿಂತಿದ್ದರು. ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ನೋಡೂಣು ಎನ್ನುತ್ತಾರೆ, ತಿರುಗಿ ಹೋಗುತ್ತಾರೆ ಎಂದುಕೊಂಡೆ. ಅವರು ನೆಲ ನೋಡುತ್ತಾ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಂದೇ ಉಸಿರಿಗೆ ಹೇಳಿದರು: ‘ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಮ್ಯಾಲ ಸಕ್ಕರಿ,’ ಆಮೇಲೆ ಕಾಕುವಿನ ಹೆಸರು, ‘ಸಿಕ್ಕ ಮ್ಯಾಲ ನನಗ ಮತ್ತೇನ ಬೇಕ್ರಿ.’

ಬಿದ್ದು ಬಿದ್ದು ನಕ್ಕೆವು. ಇಮಾಂಬಿಗಂತೂ ಎಲೆ ಅಡಿಕೆಯ ರಸ ನೆತ್ತಿಗೇರಿ ಕೆಮ್ಮು ಬಂತು. ಆ ಗದ್ದಲದಲ್ಲಿ ಮೊದಲು ಕೇಳಿಸಿದ್ದು ನನಗೋ ಮಾಸ್ತರರಿಗೋ ಗೊತ್ತಿಲ್ಲ. ಒಳಗಿನಿಂದ ಒಂದು ದನಿ ಬರುತ್ತಿತ್ತು. ಒರಟಾಗಿತ್ತು, ತಗ್ಗಿನಲ್ಲಿತ್ತು, ಆದರೆ ಎಲ್ಲಿಯೂ ತೊದಲಲಿಲ್ಲ, ಹಾಡಿನ ಹಾಗೆ ಏರಿ ಇಳಿಯುತ್ತಿತ್ತು: ‘ಅಂಗಳದಾಗ ಅವರಿ ಹೂವು, ಹಿತ್ತಲದಾಗ ಹೀರಿ ಹೂವು, ಹೆಸರ ಹೇಳಾಕ ನಾಚಿಕಿ ಯಾಕ,’ ಆಮೇಲೆ ಮಾಸ್ತರರ ಹೆಸರು, ಪೂರ್ತಿ ಹೆಸರು, ‘ನನ್ನ ಮುಡಿಯ ಹೂವು.’

ಇಮಾಂಬಿಯ ಕೈಗಳು ತಾವಾಗಿಯೇ ಬಾಗಿಲಿನಿಂದ ಇಳಿದವು. ಮಾಸ್ತರರು ಒಳಗೆ ಹೋಗಿ, ಏನಂದಿ, ಇನ್ನೊಮ್ಮೆ ಅನ್ನು, ಇನ್ನೊಮ್ಮೆ ಅನ್ನು ಎಂದು ಗೋಗರೆದರು. ಕಾಕು ತುಟಿ ಅಲುಗಿಸಿದರು. ಬರಿ ಗಾಳಿ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ನಾನು ಕದ ಎಳೆದುಕೊಂಡು ಬಂದೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರು, ಕೆಲವರಿಗೆ ಹೀಗಾಗುತ್ತದೆ, ಮಾತು ಹೋದರೂ ಬಾಯಿಪಾಠದ ಪದಗಳು ಉಳಿದಿರುತ್ತವೆ, ಅವನ್ನೇ ಹೇಳಿಸುತ್ತಾ ಇರಿ ಎಂದರಂತೆ. ಆದರೆ ಡಾಕ್ಟರು ಹೇಳುವ ಮೊದಲೇ, ಲಗ್ನದ ಮರುದಿನವೇ, ಮಾಸ್ತರರು ಶುರುಮಾಡಿದ್ದರು. ಶಾಲೆ ಬಿಟ್ಟು ಬಂದವರು ಒಳಗೆ ಹೋಗಲಿಲ್ಲ. ತಮ್ಮದೇ ಮನೆಯ ಹೊಸ್ತಿಲ ಆಚೆ, ಅಡ್ಡ ಯಾರೂ ಇಲ್ಲದಿದ್ದರೂ, ಟೊಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತು ರೊಟ್ಟಿ ಬೆಣ್ಣೆಯ ಒಡಪು ಹೇಳಿದರು. ಒಳಗಿನಿಂದ ಹೂವಿನ ಒಡಪು ಬಂತು. ಆಮೇಲೆ ಒಳಗೆ ಹೋದರು. ದಿನಾಲೂ ಹೀಗೇ. ರಜೆಯ ದಿನ ಹೊರಗಿನಿಂದ ಒಳಗೆ ಬರುವಾಗಲೂ ಹೀಗೇ. ಕಟ್ಟೆಯ ಮೇಲಿನವರು ಕೆಲವು ದಿನ ನಕ್ಕರು. ಆಮೇಲೆ ಆ ಹೊತ್ತಿಗೆ ಮಾತು ನಿಲ್ಲಿಸಿ ಕಿವಿಗೊಡತೊಡಗಿದರು. ಬೇಸಿಗೆ ಹೋಯಿತು, ಮಳೆ ಹೋಯಿತು. ಒಡಪೊಂದನ್ನು ಬಿಟ್ಟು ಕಾಕುವಿನ ಬಾಯಿಂದ ಬೇರೆ ಒಂದು ಅಕ್ಷರವೂ ಹೊರಡಲಿಲ್ಲ.

ಮತ್ತೆ ಮೂಡುಗಾಳಿ ಎದ್ದಿತು. ಒಂದು ರವಿವಾರ ನಾನು ಕಾಕುವಿನ ಹೊರಸಿನ ಮೇಲೆ ಕೂತು ಅವರ ತಲೆ ಬಾಚುತ್ತಿದ್ದೆ. ಬಟ್ಟಲಲ್ಲಿ ಮುಲಾಮು ಹೆಪ್ಪುಗಟ್ಟುವ ಮೊದಲೇ ಡಬ್ಬಿಗೆ ಹೊಯ್ಯಬೇಕೆಂಬ ಗಡಿಬಿಡಿಯಲ್ಲಿ ಮಾಸ್ತರರು ನನ್ನ ಖೋಲಿಯಿಂದ ದಡದಡ ಬಂದವರು, ಹೊಸ್ತಿಲಲ್ಲಿ ನಿಲ್ಲದೆ ನೇರ ಒಳಗೆ ನುಗ್ಗಿದರು. ಹೊಯ್ದು, ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬೆರಳಿಗೆ ತೆಗೆದುಕೊಂಡು ಕಾಕುವಿನ ತುಟಿಯ ಹತ್ತಿರ ಒಯ್ದರು. ಕಾಕು ತುಟಿಯನ್ನು ಬಿಗಿಯಾಗಿ ಮುಚ್ಚಿದರು. ಇವರು ಇನ್ನೊಮ್ಮೆ ಒಯ್ದರೆ ಮುಖವನ್ನೇ ಆಚೆ ತಿರುಗಿಸಿದರು. ಉರಿಯುತ್ತದೆಯೇ, ಬಿಸಿ ಹೆಚ್ಚಾಯಿತೇ ಎಂದು ಇವರು ಗಾಬರಿಯಿಂದ ಕೇಳುತ್ತಿದ್ದರು. ಕಾಕು ಬಾಗಿಲಿನ ಕಡೆ ನೋಡಿದರು, ಗಂಡನ ಕಡೆ ನೋಡಿದರು. ಹುಬ್ಬು ಗಂಟಿಕ್ಕಿತು.

“ಏನ್ರೀ,” ಎಂದರು.

ನನ್ನ ಕೈಯಲ್ಲಿದ್ದ ಹಣಿಗೆ ಅಲ್ಲೇ ನಿಂತಿತು. ಅದು ನೀರು ಕಾದದ್ದಕ್ಕೆ ಹೇಳುವ ಏನ್ರೀಯಲ್ಲ, ಜೋಳ ಮುಗಿದದ್ದಕ್ಕೆ ಹೇಳುವುದೂ ಅಲ್ಲ. ಮಾಡಬೇಕಾದದ್ದನ್ನು ಮರೆತು ಒಳಗೆ ಬಂದ ಗಂಡನಿಗೆ ಹೇಳುವಂಥದ್ದು.

ಮಾಸ್ತರರು ಬೆರಳಿನ ಮುಲಾಮನ್ನು ಒರೆಸಿಕೊಳ್ಳದೆ ಎದ್ದರು. ಹೊಸ್ತಿಲು ದಾಟಿ ಆಚೆ ಹೋಗಿ, ಮನೆಯ ಕಡೆಗೆ ಮುಖ ಮಾಡಿ ನಿಂತರು. ‘ರೊಟ್ಟಿ’ ಎಂದರು. ಮುಂದಿನದು ಬರಲಿಲ್ಲ. ಇನ್ನೊಮ್ಮೆ ‘ರೊಟ್ಟಿ’ ಎಂದರು, ಕಣ್ಣಿಂದ ನೀರು ಇಳಿದು ಗದ್ದಕ್ಕೆ ಹತ್ತಿತು. ಅಂಗಳದಲ್ಲಿ ಇಮಾಂಬಿ ಹತ್ತಿ ಹರಡುವುದನ್ನು ಬಿಟ್ಟು ಎದ್ದು ನಿಂತಿದ್ದಳು.

ಕಾಕು ಬಾಗಿಲಿನ ಕಡೆ ಮುಖ ತಿರುಗಿಸಿದರು. ಆಮೇಲೆ ಮತ್ತೆ, ಈ ಸಲ ಅಂಗಳದ ಆಚೆಗೂ ಕೇಳುವ ಹಾಗೆ, “ಏನ್ರೀ” ಎಂದರು.

ಮಾಸ್ತರರು ಹೊರಗಿನಿಂದ “ಹೂಂ” ಎಂದರು.